ಆಟಿ ಮಳೆಯಲ್ಲಿ ಕಾಸರಗೋಡು: ನಾಲ್ಕು ದಿನ, ಎರಡು ಬೈಕು, ಬೆಸ ಜೋಡಿ ಚಪ್ಪಲಿ

ಮೊದಲ ದಿನ: ತಲಪಾಡಿ, ಮಂಜೇಶ್ವರ, ಕುಂಬಳೆ, ಅನಂತಪುರ

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ತುಳುನಾಡಿನಲ್ಲಿ ತಿರುಗಾಟ ಕಡಿಮೆ. ಭತ್ತದ ನೇಜಿ ನೆಟ್ಟಾಗಿರುತ್ತದೆ, ಮದುವೆ ಮುಂಜಿ ಇರುವುದಿಲ್ಲ, ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಎರಡು ತಿಂಗಳಾಗಿರುತ್ತದೆ. ಅಂಗಡಿ ಜಗಲಿಯಲ್ಲಿ, ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಜನ ಪುರುಸೊತ್ತಿನಲ್ಲಿ ಸಿಗುತ್ತಾರೆ. ನಾಲ್ವರು ಎರಡು ಬೈಕಿನಲ್ಲಿ ಇದೇ ತಿಂಗಳು ನೋಡಿ ಹೊರಟದ್ದು ಅದಕ್ಕೇ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರಲ್ಲಿ ದೊಡ್ಡ ಪಾಲು ಜೂನ್ ಜುಲೈಗಳದ್ದು. ಅಂಥ ಮಳೆಯಲ್ಲಿ ಜಾರುವುದು, ಮುರಿಯುವುದು, ಕೆಡುವುದು ದಿನಕ್ಕೊಂದು ಇದ್ದದ್ದೇ.

ಗಡಿಯ ತಲಪಾಡಿ ದಾಟಿದ ಕೂಡಲೇ ಮೊದಲ ಮಳೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಈಗ ‘ಗಿಳಿವಿಂಡು’ ಎಂಬ ಸ್ಮಾರಕ. 1883ರಿಂದ 1963ರವರೆಗೆ ಬಾಳಿದ ಪೈಗಳಿಗೆ ಆಗಿನ ಮದ್ರಾಸು ಸರಕಾರ 1949ರಲ್ಲಿ ರಾಷ್ಟ್ರಕವಿ ಪಟ್ಟ ಕೊಟ್ಟಿತು. ಇಪ್ಪತ್ತಕ್ಕೂ ಮಿಕ್ಕಿ ಭಾಷೆ ಬಲ್ಲವರೆಂದು ಅವರ ಖ್ಯಾತಿ. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲ ಒಂದೇ ಬಸ್ಸಿನಲ್ಲಿ ಕೇಳುತ್ತವೆ. ಇಷ್ಟು ಭಾಷೆ ಒಂದೇ ಓಣಿಯಲ್ಲಿ ಓಡಾಡಿದರೆ ಒಂದಕ್ಕೊಂದು ಢಿಕ್ಕಿ ಹೊಡೆಯದೆ ಇರುತ್ತದೆಯೇ?

ಮೊದಲ ಢಿಕ್ಕಿ ಕುಂಬಳೆಗೆ ಸ್ವಲ್ಪ ಮೊದಲು, ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ. ಕೆಂಪು ನೀರು ತುಂಬಿದ ಗುಂಡಿ, ಒಳಗೆ ಒಂದು ಮೊಳೆ, ಹಿಂದಿನ ಚಕ್ರ ಪಂಕ್ಚರ್. ಟ್ಯೂಬ್‌ಲೆಸ್ ಟಯರು. ರಿಪೇರಿ ಸಾಮಾನು ಜೊತೆಯಲ್ಲೇ ಇತ್ತು, ಆದರೆ ರಬ್ಬರ್ ಪಟ್ಟಿಗಳ ಪೊಟ್ಟಣ ಯಾವಾಗಲೋ ಒಡೆದು ಅಂಟೆಲ್ಲ ಒಣಗಿ ಒಣಮೆಣಸಿನ ಹಾಗೆ ಮುರಿಯುತ್ತಿತ್ತು. ಒಣಗಿದ ಪಟ್ಟಿ ತೂತಿನಲ್ಲಿ ಕೂತಂತೆ ಕಂಡರೂ ಎರಡು ಮೈಲಿಯೊಳಗೆ ಗಾಳಿ ಬಿಡುತ್ತದೆ. ಹೊರಡುವ ಮುನ್ನ ಬೆರಳಲ್ಲಿ ಹಿಚುಕಿ ನೋಡಿದರೆ ಸಾಕು, ಅಂಟಬೇಕು, ಬಾಗಬೇಕು.

ಎದುರಿಗೊಂದು ಸೈಕಲ್ ಅಂಗಡಿ. ಅಂಗಡಿಯವರು ಕಣ್ಣೂರು ಕಡೆಯವರು, ಬಂದು ಹೆಚ್ಚು ದಿನವಾಗಿರಲಿಲ್ಲ.

“ಅಣ್ಣ, ಪಟ್ಟಿ ಉಂಟಾ?”

“ಪಟ್ಟಿಯೋ? ಎಂದಿನಾ?”

ಏತಕ್ಕೆ ಎಂದು ಕೇಳಿ ಸ್ವಲ್ಪ ಯೋಚಿಸಿ ಬೆಂಚಿನಡಿಗೆ ಬೆರಳು ತೋರಿಸಿದರು. ಅಲ್ಲೊಂದು ಕಂದು ನಾಯಿ ಸುರುಳಿ ಸುತ್ತಿ ಮಲಗಿತ್ತು. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಜಗಲಿಯಲ್ಲಿ ಬೀಡಿ ಸೇದುತ್ತಿದ್ದ ಹಿರಿಯರೊಬ್ಬರು ಬೀಡಿ ಬಿಟ್ಟು ಎದ್ದು ಬಂದು ಎರಡೂ ಕಡೆಗೆ ವಿಷಯ ಬಿಡಿಸಿ ಹೇಳಿದರು. ಅಂಗಡಿಯವರು ಪಟ್ಟಿ ತಂದು, ಪಂಪು ತಂದು, ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತ ಮೇಲೇ ಅವರಿಬ್ಬರಿಗೂ ನಗು ಒಡೆದದ್ದು. “ಹತ್ತು ರೂಪಾಯಿಗೆ ನಾಯಿಯನ್ನೇ ಕೊಂಡುಹೋಗುವ ಗಿರಾಕಿ ಮಾರಾಯ್ರೆ, ಕೊಟ್ಟುಬಿಡಿ!” ಎಂದು ಹಿರಿಯರು ಕಣ್ಣೊರೆಸಿಕೊಂಡರು. ನಾಯಿಗೆ ಅಲ್ಲೇ ‘ಪಂಕ್ಚರ್’ ಎಂದು ನಾಮಕರಣವೂ ಆಯಿತು.

ಅಂಗಡಿಯವರು ಮಾಡಿದ ಕೆಲಸ ಮಾತ್ರ ನೋಡಿ ಕಲಿಯುವಂಥದ್ದು. ಸಾಮಾನೆಲ್ಲ ಕೈಗೆ ಸಿಗುವಂತೆ ಇಟ್ಟುಕೊಳ್ಳುವ ತನಕ ಮೊಳೆ ಕೀಳಲಿಲ್ಲ. ಮೊಳೆ ಇದ್ದಷ್ಟು ಹೊತ್ತು ಅದೇ ಬಿರಡೆ. ಕೀಳುವಾಗ ಅದು ಯಾವ ಓರೆಯಲ್ಲಿ ಹೊಕ್ಕಿದೆ ಎಂದು ನೋಡಿಕೊಂಡರು, ಏಕೆಂದರೆ ಹಲ್ಲಿರುವ ಅರವನ್ನು ಅದೇ ಓರೆಯಲ್ಲಿ ಹಾಕಬೇಕು. ಹತ್ತು ಹನ್ನೆರಡು ಸಲ ಒಳಗೆ ಹೊರಗೆ ಎಳೆದು ತೂತಿನ ಗೋಡೆಯನ್ನು ಒರಟು ಮಾಡಿದರು. ಹೆಚ್ಚಿನವರು ಎರಡು ಸಲ ಎಳೆದು ಬಿಡುತ್ತಾರೆ, ಪಟ್ಟಿ ಹಿಡಿಯದಿರಲು ಅದೇ ಕಾರಣ. ಮಳೆಯಲ್ಲಿ ತೂತಿನೊಳಗೆ ನೀರಿರುತ್ತದೆ, ಹಾಗಾಗಿ ಬಟ್ಟೆಯಲ್ಲಿ ಒತ್ತಿ ಒರೆಸಿ ಸೊಲ್ಯೂಷನ್ ಸವರಿದರು. ಸೂಜಿಯ ಕಣ್ಣಿಗೆ ಪಟ್ಟಿಯ ನಡುಮಧ್ಯ ಬರುವಂತೆ ಪೋಣಿಸಿ, ಎರಡು ತುದಿಯೂ ಒಂದೊಂದು ಸೆಂಟಿಮೀಟರ್ ಹೊರಗೆ ಉಳಿಯುವ ತನಕ ಒತ್ತಿ, ಸೂಜಿಯನ್ನು ಒಂದೇ ಏಟಿಗೆ ಕಿತ್ತರು. ನಿಧಾನ ಕಿತ್ತರೆ ಪಟ್ಟಿಯೂ ಹಿಂದೆ ಬರುತ್ತದೆ. 32 ಪಿಎಸ್‌ಐ ಗಾಳಿ, ಮೇಲೆ ಸೋಪಿನ ನೊರೆ, ಗುಳ್ಳೆ ಬರಲಿಲ್ಲ. ಮೊಳೆ ಟಯರಿನ ಪಕ್ಕದ ಗೋಡೆಗೆ ಹೊಕ್ಕಿದ್ದರೆ ಇದ್ಯಾವುದೂ ನಡೆಯದು, ಆ ಭಾಗ ಓಡುವಾಗ ಬಾಗುತ್ತಲೇ ಇರುವುದರಿಂದ ಪಟ್ಟಿ ನಿಲ್ಲುವುದಿಲ್ಲ.

ಕುಂಬಳೆಯಿಂದ ಬದಿಯಡ್ಕ ರಸ್ತೆಯಲ್ಲಿ ನಾಯ್ಕಾಪು ಕಡೆಗೆ ಸಾಗಿ ಒಳಗೆ ಹೋದರೆ ಅನಂತಪುರ. ಮುರಕಲ್ಲಿನ ಬೋಳು ಪದವು, ಅದರ ಮಧ್ಯೆ ಕೆರೆ, ಕೆರೆಯ ಮಧ್ಯೆ ಗುಡಿ. ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಇನ್ನೊಂದು ಕಾಣಿಸಿಕೊಂಡಿತು. ಮಳೆ ನೀರಿನ ಮೇಲೆ ಬೀಳುವುದನ್ನು ನೋಡುತ್ತ ಅಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಕೆಂಪು ಕಲ್ಲಿನ ಮೇಲೆ ಹಸುರು ಹಾವಸೆ ಕಟ್ಟಿತ್ತು. ಅರುವತ್ತು ದಾಟಿದವರೊಬ್ಬರು ಮೆಟ್ಟಿಲಲ್ಲಿ ಜಾರಿ ಕೂತುಬಿಟ್ಟರು. ಮೂರು ಕಡೆಯಿಂದ ಮೂರು ಜನ ಬಂದು ಕಂಕುಳಿಗೆ ಕೈ ಹಾಕಿ ಎತ್ತಿ, ಮೊಣಕಾಲು ಮಡಚಿ ನೋಡಿ, ಏನೂ ಆಗಿಲ್ಲವೆಂದು ಖಚಿತವಾದ ಮೇಲೆ ಸುತ್ತ ಒಂದು ಕ್ಷಣ ಮೌನ. ಮೌನ ಮುರಿದದ್ದು ಬಿದ್ದವರೇ. “ಮೀಸೆ ಬೋಳಿಸಿದ್ದು ಒಳ್ಳೆಯದಾಯ್ತು. ಇನ್ನು ಮಣ್ಣಾಗುವ ಮಾತೇ ಇಲ್ಲ.” ಆಮೇಲೆ ನಗು ಕೆರೆಯ ಆಚೆ ದಡಕ್ಕೆ ಕೇಳಿತು.

ಕುಂಬಳೆಯ ಜಗಲಿಯಲ್ಲೂ ಇಲ್ಲೂ ಕಂಡದ್ದು ಒಂದೇ ಕ್ರಮ. ಮೊದಲು ಕೈ, ಆಮೇಲೆ ಬಾಯಿ. ಕೈ ಕೊಡದವನಿಗೆ ಇಲ್ಲಿ ನಗುವ ಹಕ್ಕಿಲ್ಲ. ಕೈ ಕೊಟ್ಟವನೂ ಬಿದ್ದವನ ಅಪ್ಪಣೆಗೆ ಕಾಯುತ್ತಾನೆ. ಮುಂದಿನ ಮೂರು ದಿನ ಇದನ್ನೇ ಕಣ್ಣಿಟ್ಟು ನೋಡಿದೆವು.

ಎರಡನೆಯ ದಿನ: ಮಧೂರು, ಕಾಸರಗೋಡು, ಬೇಕಲ

ರಾತ್ರಿಯಿಡೀ ಹೊಡೆದ ಮಳೆಗೆ ಮಧುವಾಹಿನಿ ಉಕ್ಕಿತ್ತು. ಮಧೂರಿನ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನ ಹೊಳೆಯ ಬದಿಗೇ ಇರುವುದರಿಂದ ಜೋರು ಮಳೆಗಾಲದಲ್ಲಿ ಅಂಗಳಕ್ಕೆ ನೀರು ಬರುವುದು ಊರಿಗೆ ಹೊಸತಲ್ಲ. ಅಂದು ಮೊಣಕಾಲಿಗಿಂತ ಸ್ವಲ್ಪ ಕೆಳಗಿತ್ತು. ಆನೆಯ ಬೆನ್ನಿನಾಕಾರದ ಮೂರು ಅಂತಸ್ತಿನ ತಾಮ್ರದ ಮಾಡು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ಅರ್ಚಕರು ಪಂಚೆ ಎತ್ತಿ ಕಟ್ಟಿ ನೀರಿನಲ್ಲೇ ನಡೆದು ಪೂಜೆಗೆ ಹೋದರು. “ಬೇರೆ ಊರಿನಲ್ಲಿ ದೇವರನ್ನು ಅವಭೃತಕ್ಕೆ ಹೊಳೆಗೆ ಕೊಂಡುಹೋಗ್ತಾರೆ. ನಮ್ಮಲ್ಲಿ ಹೊಳೆಯೇ ಬರ್ತದೆ” ಎಂದರು ಪ್ರಸಾದಕ್ಕೆ ಕಾದು ನಿಂತ ಅಮ್ಮನೊಬ್ಬರು. ಹೊರಗೆ ಬಿಟ್ಟ ಚಪ್ಪಲಿಗಳು ಸಾಲಾಗಿ ತೇಲಿ ಹೋಗುತ್ತಿದ್ದವು. ಹುಡುಗನೊಬ್ಬ ಉದ್ದ ಕೋಲಿನಲ್ಲಿ ಒಂದೊಂದನ್ನೇ ಹಿಡಿದು ದಡಕ್ಕೆ ಹಾಕುತ್ತಿದ್ದ. ಆಟಿಯಲ್ಲಿ ಮಧೂರಿಗೆ ಹೋಗುವವರು ಚಪ್ಪಲಿಯನ್ನು ಗಾಡಿಯಲ್ಲೇ ಬಿಟ್ಟು ಬರಿಗಾಲಲ್ಲಿ ಇಳಿಯುವುದು ವಾಸಿ.

ಮಧ್ಯಾಹ್ನದ ಊಟ ಕಾಸರಗೋಡು ಪೇಟೆಯ ಒಂದು ಸಣ್ಣ ಹೋಟೆಲಿನಲ್ಲಿ. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದು ಹಾಕಿದ ಸೌತೆಕಾಯಿ ಸಾಂಬಾರು, ಬಸಳೆ, ಮಾವಿನಮಿಡಿ. ಇಲ್ಲಿಯ ಬಡಿಸುವವರು ‘ಸಾಕು’ ಎಂದರೆ ಉಪಚಾರದ ಮಾತೆಂದು ಇನ್ನೊಂದು ಸೌಟು ಹಾಕುತ್ತಾರೆ. ಹಾಗಾಗಿ ನಮ್ಮಲ್ಲೊಬ್ಬ ಮಲಯಾಳದಲ್ಲೇ ಹೇಳಲು ಹೋದ. ಅವರಲ್ಲಿ ‘ಮತಿ’ ಅಂದರೆ ಸಾಕು, ‘ಮತ್ತಿ’ ಅಂದರೆ ಬೂತಾಯಿ ಮೀನು. ಅಕ್ಷರವೊಂದನ್ನು ಒತ್ತಿದರೆ ಹೊಟ್ಟೆ ತುಂಬಿದವನು ಹಸಿದವನಾಗುತ್ತಾನೆ. “ಮತ್ತಿ, ಮತ್ತಿ” ಎಂದು ಎರಡು ಸಲ ಹೇಳಿದ್ದಕ್ಕೆ ಎರಡು ತಟ್ಟೆ ಬೂತಾಯಿ ಫ್ರೈ ಬಂತು. ಮಸಾಲೆ ಇನ್ನೂ ಚುರುಗುಟ್ಟುತ್ತಿತ್ತು, ಹಿಂದೆ ಕಳಿಸುವ ಮನಸ್ಸು ಯಾರಿಗೂ ಬರಲಿಲ್ಲ.

ಗಲ್ಲಾದಲ್ಲಿದ್ದ ಯಜಮಾನರು ಕನ್ನಡದಲ್ಲೇ ತಿದ್ದಿಹೇಳಿದರು: “ತುಳುವಿನಲ್ಲಿ ‘ಯಾವು’ ಹೇಳಿ ಅಂತ ಹೇಳಿಕೊಡ್ತಿದ್ದೆ. ಅದೂ ಅಪಾಯವೇ. ಒಮ್ಮೆ ಘಟ್ಟದ ಮೇಲಿನವರೊಬ್ಬರಿಗೆ ನಾನು ‘ಅನ್ನ ಯಾವಾ?’ ಕೇಳಿದೆ. ‘ಸೋನಾ ಮಸೂರಿ ಇದ್ರೆ ಹಾಕಿ’ ಅಂದರು.” ತುಳುವಿನ ‘ಯಾವು’ ಕೂಡ ಸಾಕು ಎಂದೇ. ನಾಲ್ಕು ಭಾಷೆಯಲ್ಲೂ ತಪ್ಪಾಗದ ಉಪಾಯವೊಂದೇ, ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುವುದು.

ಚಂದ್ರಗಿರಿ ಸೇತುವೆ ದಾಟುವಾಗ ಹೊಳೆ ಚಹಾದ ಬಣ್ಣಕ್ಕಿತ್ತು. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಪಯಸ್ವಿನಿ ಎಂಬ ಹೆಸರಿನಲ್ಲಿ ಇಳಿದು ಬರುವ ಹೊಳೆ ಇದು. ತುಳುನಾಡು ಮುಗಿದು ಮಲಯಾಳ ಸುರುವಾಗುವುದು ಇಲ್ಲಿ ಎಂದು ಹಿಂದಿನವರ ಲೆಕ್ಕ. ಬೇಕಲ ತಲುಪಿದಾಗ ಮಳೆ ನಿಂತು ಗಾಳಿ ಎದ್ದಿತ್ತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಈ ಕೋಟೆ ಸುಮಾರು 40 ಎಕರೆಯಷ್ಟಿದೆ. ಕಡಲಿಗೆ ಚಾಚಿದ ಬುರುಜಿನ ಮೇಲೆ ಅರಬ್ಬಿ ಸಮುದ್ರದ ಗಾಳಿ ಎದೆಗೆ ಕೈಯಿಟ್ಟು ತಳ್ಳುತ್ತದೆ. ಅಲ್ಲಿ ಮಡಚುವ ಕೊಡೆ ಬಿಚ್ಚಿದವರದ್ದೆಲ್ಲ ಒಂದೇ ಗತಿ, ಕೊಡೆ ಉಲ್ಟಾ. ಹತ್ತು ಹನ್ನೆರಡು ಮಕ್ಕಳನ್ನು ಕರೆತಂದಿದ್ದ ಮಾಸ್ತರರೊಬ್ಬರ ಕೊಡೆಯೂ ಬಾಯಿ ಮೇಲೆ ಮಾಡಿ ನಿಂತಿತು. ಮಕ್ಕಳು ನಗಬೇಕೋ ಬೇಡವೋ ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮಾಸ್ತರರು ಕೊಡೆಯನ್ನು ಎತ್ತಿ ಹಿಡಿದು, “ನೋಡಿ ಮಕ್ಕಳೇ, ಎತ್ವ ಗಾಳಿಗೆ ಹಾರಿಹೋಯ್ತು. ಕೊಡೆ ಕೊಡ ಆಯ್ತು!” ಎಂದರು. ಆ ಮಕ್ಕಳ ಕೇಕೆ ಗಾಳಿಯನ್ನೂ ಮೀರಿಸಿತು. ಕನ್ನಡ ಓದುವ ಮಕ್ಕಳಿಗಷ್ಟೇ ಸಿಗುವ ನಗು ಅದು. ಕೇರಳದ ಕಡಲಂಚಿನಲ್ಲಿ ನಿಂತು ಅದನ್ನು ಕೇಳಿದಾಗ ಮನಸ್ಸು ತುಂಬಿ ಬಂತು.

ಉಲ್ಟಾ ಆದ ಕೊಡೆಯನ್ನು ಕೈಯಲ್ಲಿ ಎಳೆದು ಸರಿಮಾಡಲು ಹೋಗಬಾರದು, ಕಡ್ಡಿಗಳ ಕೀಲು ಮುರಿಯುವುದು ಆಗಲೇ. ಕೊಡೆಯ ನೆತ್ತಿಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ ಹಿಡಿದರೆ ಉಲ್ಟಾ ಮಾಡಿದ ಗಾಳಿಯೇ ಸುಲ್ಟಾ ಮಾಡಿಕೊಡುತ್ತದೆ. ಮಾಸ್ತರರು ಹಾಗೇ ಮಾಡಿದರು.

ಅದೇ ಸಂಜೆ ಒಂದು ಫೋನಿಗೆ ನೀರು ಹೊಕ್ಕಿತು. ಅಕ್ಕಿ ಡಬ್ಬದಲ್ಲಿ ಹೂತಿಡಲು ಹೊರಟವನನ್ನು ಲಾಡ್ಜಿನ ಹುಡುಗ ತಡೆದ. ಅಕ್ಕಿ ನೀರು ಹೀರುವುದಕ್ಕಿಂತ ಅದರ ಹುಡಿ ಚಾರ್ಜಿಂಗ್ ತೂತಿಗೆ ಹೊಕ್ಕು ಗಟ್ಟಿಯಾಗುವುದೇ ಹೆಚ್ಚು. ಫೋನ್ ಆಫ್ ಮಾಡಿ, ಸಿಮ್ ಹೊರಗೆ ತೆಗೆದು, ತೂತು ಕೆಳಗಾಗುವಂತೆ ನಿಲ್ಲಿಸಿ ಫ್ಯಾನಿನ ಗಾಳಿಗೆ ಬಿಡಬೇಕು, ಪೂರ್ತಿ ಆರುವ ತನಕ ಚಾರ್ಜಿಗೆ ಹಾಕಬಾರದು. “ಕುಚ್ಚಲಕ್ಕಿ ಬೇಯಲು ಒಂದೂವರೆ ಗಂಟೆ ಬೇಕು. ಫೋನಿಗೆ ಎಷ್ಟು ವಿಸಿಲ್ ಅಂತ ಅಜ್ಜಿಯನ್ನು ಕೇಳಬೇಕು” ಎನ್ನುತ್ತ ಅವನು ಟೇಬಲ್ ಫ್ಯಾನ್ ತಂದಿಟ್ಟ. ಬೆಳಗ್ಗೆ ಫೋನ್ ಎದ್ದು ಕೂತಿತ್ತು.

ಮೂರನೆಯ ದಿನ: ಬದಿಯಡ್ಕ, ಪೆರ್ಲ, ಬಾಯಾರು, ಪೊಸಡಿಗುಂಪೆ

ಚೆರ್ಕಳದಿಂದ ಒಳನಾಡಿಗೆ ತಿರುಗಿದರೆ ಭೂಮಿಯೇ ಬೇರೆ. ತಗ್ಗಿನಲ್ಲಿ ಅಡಿಕೆ ತೋಟ, ಏರಿನಲ್ಲಿ ರಬ್ಬರು ಗೇರು, ಮೇಲೆ ಮುರಕಲ್ಲು ಪದವು. ಬಾಯಾರು ಕಡೆಯ ಒಂದು ತೋಟದ ಮನೆಯಲ್ಲಿ ಸುರಂಗ ನೋಡಿದೆವು. ಈ ಕಡೆಯ ಗುಡ್ಡಗಳಲ್ಲಿ ಬಾವಿಗೆ ಬದಲು ಅಡ್ಡಕ್ಕೆ ಕೊರೆದ ಸುರಂಗಗಳಿಂದಲೇ ನೀರು. ಒಬ್ಬ ಮನುಷ್ಯ ಹಿಡಿಸುವಷ್ಟು ಅಗಲ, ನಿಂತರೆ ತಲೆ ತಾಗುವಷ್ಟು ಎತ್ತರ. ಬಾಯಿಯ ಕಡೆಗೆ ಸಣ್ಣ ಇಳಿಜಾರು ಕೊಟ್ಟು ಕೊರೆಯುವುದರಿಂದ ಒರತೆಯ ನೀರು ತಾನಾಗಿ ಹರಿದು ಬರುತ್ತದೆ, ಪಂಪೂ ಬೇಡ, ಕರೆಂಟೂ ಬೇಡ. ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ ಟಾಂಕಿಗೆ ಬೀಳುತ್ತದೆ. ಪಿಕ್ಕಾಸಿನಲ್ಲಿ ಕೊರೆಯುವಾಗ ಪಕ್ಕದಲ್ಲಿ ಮೊಂಬತ್ತಿ ಉರಿಯುತ್ತಿರಬೇಕು. ಅದು ಮಂಕಾದರೆ ಒಳಗೆ ಉಸಿರಾಡುವ ಗಾಳಿ ಸಾಲದು, ಹೊರಗೆ ಬರಬೇಕು. ಮಳೆಗಾಲದಲ್ಲಿ ಮಣ್ಣು ನೆನೆದು ಕುಸಿಯುವುದರಿಂದ ಬಾಯಲ್ಲೇ ನಿಂತು ನೋಡಬೇಕು.

ಪ್ರಾಯದಲ್ಲಿ ಹತ್ತಾರು ಸುರಂಗ ಕೊರೆದವರೊಬ್ಬರು ಅಲ್ಲಿಗೆ ಬಂದಿದ್ದರು. ತಿಂಗಳುಗಟ್ಟಲೆ ಕೊರೆದು ನೀರು ಸಿಗದೆ ಬಿಟ್ಟದ್ದೂ ಇದೆಯೆಂದರು. ಅಷ್ಟು ದುಡಿಮೆ ದಂಡವಾದಾಗ ಬೇಸರವಾಗುವುದಿಲ್ಲವೇ ಎಂದು ಕೇಳಿದೆವು.

“ಆಗ್ತದೆ. ಆದರೆ ನೋಡಿ, ಬಾವಿ ತೋಡಿದವ ಜಾರಿದರೆ ಕೆಳಗೆ ಬೀಳ್ತಾನೆ. ಸುರಂಗದವ ಬೀಳುವುದೆಲ್ಲಿಗೆ? ಅಡ್ಡಕ್ಕೆ ಬೀಳ್ಲಿಕ್ಕೆ ಆಗ್ತದಾ? ತಲೆ ಬಡಿಯುವುದು ಮಾತ್ರ. ಮತ್ತೆ ಆ ನೀರಿಲ್ಲದ ಸುರಂಗ ಉಂಟಲ್ಲ, ಅದು ಈಗ ಬಾವಲಿಗಳಿಗೆ ಬಾಡಿಗೆಯಿಲ್ಲದ ಮನೆ. ಎಂಥ ಒಕ್ಕಲು ಹೇಳಿ, ಹಗಲಿಡೀ ಮಲಗ್ತವೆ.”

ಎಡಗೈಯ ಎರಡು ಬೆರಳು ನೆಟ್ಟಗಾಗುತ್ತಿರಲಿಲ್ಲ. ಅದೇ ಕೈಯಲ್ಲಿ ಎಲೆಗೆ ಸುಣ್ಣ ಸವರುತ್ತ ಹೇಳಿದರು. ಅಂಗಳದಲ್ಲಿ ಹಾವಸೆಗೆ ಜಾರದಂತೆ ಅಡಿಕೆ ಸೋಗೆ ಹಾಸಿತ್ತು. ಮನೆಯ ಅಕ್ಕ ಹಲಸಿನ ಹಣ್ಣಿನ ಗಟ್ಟಿ, ಪತ್ರೊಡೆ ಬಡಿಸಿದರು. ಕೆಸುವಿನೆಲೆ ಗಂಟಲು ತುರಿಸದಿರಲು ಹುಣಸೆಹುಳಿ ಧಾರಾಳ ಬೀಳಬೇಕು, ಆವಿಯಲ್ಲಿ ಪೂರ್ತಿ ಬೇಯಬೇಕು. ಎರಡರಲ್ಲಿ ಒಂದು ಕಡಿಮೆಯಾದರೂ ತಿಂದವರು ಗಂಟಲು ಹಿಡಿದುಕೊಳ್ಳುತ್ತಾರೆ.

ಪೊಸಡಿಗುಂಪೆ ಸಾವಿರ ಅಡಿಗಿಂತ ಸ್ವಲ್ಪ ಎತ್ತರದ ಹುಲ್ಲುಗುಡ್ಡ. ಆ ಏರಿನಲ್ಲಿ ಕ್ಲಚ್ ಕೇಬಲ್ ತುಂಡಾಯಿತು. ಅದು ತುಂಡಾಗುವುದು ಹೆಚ್ಚಾಗಿ ಹ್ಯಾಂಡಲ್ ಬದಿಯ ಸೀಸದ ಗುಂಡಿನ ಬುಡದಲ್ಲೇ. ಲಿವರಿನೊಳಗೆ ಎಣ್ಣೆ ಒಣಗಿದರೆ ಗುಂಡು ತಿರುಗುವುದಿಲ್ಲ, ಪ್ರತಿ ಸಲ ಹಿಡಿದಾಗ ಬುಡದ ತಂತಿಯೇ ಬಾಗಿ ಎಳೆ ಎಳೆಯಾಗಿ ಕಡಿಯುತ್ತದೆ. ತಿಂಗಳಿಗೊಮ್ಮೆ ಎರಡು ಹನಿ ಎಣ್ಣೆ ಬಿಟ್ಟರೆ ಕೇಬಲು ವರ್ಷಗಟ್ಟಲೆ ಬಾಳುತ್ತದೆ. ಗ್ಯಾರೇಜು ದೂರ. ಮೊನ್ನೆಯಿಂದ ಕರೆಂಟಿಲ್ಲದ ಆ ಊರಿನಲ್ಲಿ ವಯರಿಂಗ್ ಕೆಲಸದ ಯುವಕ ಜಗಲಿಯಲ್ಲಿ ಸುಮ್ಮನೆ ಕೂತಿದ್ದ. ಚೀಲದಿಂದ ಒಂದು ಪ್ಲಾಸ್ಟಿಕ್ ಕನೆಕ್ಟರ್ ತೆಗೆದು ಒಡೆದು ಒಳಗಿನ ಹಿತ್ತಾಳೆ ಕೊಳವೆ ಬಿಡಿಸಿದ. ಅಡ್ಜಸ್ಟರಿನ ತಿರುಪನ್ನು ಪೂರ್ತಿ ಒಳಗೆ ಹಾಕಿದಾಗ ಕೇಬಲು ಒಂದೂವರೆ ಸೆಂಟಿಮೀಟರ್ ಹೊರಗೆ ಬಂತು. ತುದಿಯನ್ನು ಕೊಳವೆಯೊಳಗೆ ತೂರಿಸಿ, ಹಿಂದಕ್ಕೆ ಮಡಚಿ ಮತ್ತೆ ತೂರಿಸಿ, ಎರಡು ಸ್ಕ್ರೂ ಬಿಗಿದ. ಮಡಚದೆ ಬಿಗಿದರೆ ಜಾರುತ್ತದೆ, ಅತಿಯಾಗಿ ಬಿಗಿದರೆ ಸ್ಕ್ರೂ ತಂತಿಯನ್ನೇ ಕಡಿಯುತ್ತದೆ. ಸೀಸದ ಗುಂಡಿನ ಜಾಗದಲ್ಲಿ ಹಿತ್ತಾಳೆ ತುಂಡು ಸರಿಯಾಗಿ ಕೂತಿತು.

“ಕರೆಂಟಿಲ್ಲದ ಊರಿನಲ್ಲಿ ಕರೆಂಟಿನ ಸಾಮಾನಿಗೆ ಅಂತೂ ಒಂದು ಕೆಲಸ ಸಿಕ್ಕಿತು ನೋಡಿ” ಎಂದ. ದುಡ್ಡು ಮುಟ್ಟಲಿಲ್ಲ. ಲೈಟು ಬಂದ ದಿನ ಕೊಡಿ ಎಂದು ನಕ್ಕ.

ರಾತ್ರಿ ಪಕ್ಕದ ಭಜನಾ ಮಂದಿರದಲ್ಲಿ ತಾಳಮದ್ದಳೆ. ಯಕ್ಷಗಾನದ ತೆಂಕುತಿಟ್ಟಿನ ಪಿತಾಮಹನೆಂದು ಕರೆಯುವ ಪಾರ್ತಿಸುಬ್ಬನ ಕುಂಬಳೆ ಸೀಮೆಯಿದು, ಮಳೆಗಾಲದಲ್ಲಿ ವೇಷವಿಲ್ಲದಿದ್ದರೂ ಮಾತು ನಿಲ್ಲುವುದಿಲ್ಲ. ಕೃಷ್ಣ ಸಂಧಾನಕ್ಕೆ ಬಂದ ಕಥೆ. ಐದು ಗ್ರಾಮವನ್ನಾದರೂ ಕೊಡು ಎಂದು ಕೇಳುವ ಹೊತ್ತಿಗೆ, ಸಂಜೆಯಷ್ಟೇ ಬಂದಿದ್ದ ಕರೆಂಟು ಹೋಯಿತು. ಮೈಕು ಸತ್ತಿತು. ಮದ್ದಳೆಯವರು ಕೈ ನಿಲ್ಲಿಸಲಿಲ್ಲ. ಕತ್ತಲಲ್ಲೇ ಕೌರವನ ದನಿ: “ಗ್ರಾಮದ ಮಾತು ಬಿಡು. ನನ್ನ ಸಭೆಯ ಬೆಳಕನ್ನೂ ಪಾಂಡವರ ಕಡೆಯವನಿಗೆ ಕೊಡೆ!” ಸಭೆ ನಗುತ್ತಿದ್ದಂತೆ ಕೃಷ್ಣನ ಉತ್ತರ: “ವಿಶ್ವರೂಪ ತೋರಿಸಬೇಕೆಂದಿದ್ದೆ, ಕತ್ತಲೆ ಬೇಕಿತ್ತು. ಉಪಕಾರವಾಯಿತು ಕೌರವ.” ಹಿಂದಿನ ಸಾಲಿನಿಂದ ಯಾರೋ ಮೊಬೈಲ್ ಟಾರ್ಚನ್ನು ನೇರ ಕೃಷ್ಣನ ಮುಖಕ್ಕೆ ಬಿಟ್ಟರು. ಕಣ್ಣು ಕಿರಿದು ಮಾಡಿ ಕೂತ ಆ ಹಿರಿಯ ಅರ್ಥಧಾರಿಯ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪ್ರಸಂಗ ಒಂದಿಷ್ಟೂ ಕೆಡಲಿಲ್ಲ. ಭಾಗವತರು ಮೈಕಿಲ್ಲದೆ ಎತ್ತಿದ ಮುಂದಿನ ಪದ ಮಳೆಯ ಸದ್ದಿನ ಮೇಲೆ ಹೊರಗಿನ ಚಪ್ಪರದವರೆಗೂ ಕೇಳಿತು.

ನಾಲ್ಕನೆಯ ದಿನ: ಪೆರ್ಲ, ಅಡ್ಕಸ್ಥಳ, ವಿಟ್ಲ

ಹಿಂದಿರುಗಿದ ದಾರಿ ಬಗ್ಗೆ ಹೆಚ್ಚೇನಿಲ್ಲ. ಅಡ್ಕಸ್ಥಳದಲ್ಲಿ ಕರ್ನಾಟಕ, ವಿಟ್ಲದಲ್ಲಿ ಹೊಸ ಕೇಬಲು, ಕಲ್ಲಡ್ಕದಲ್ಲಿ ಡಿಕಾಕ್ಷನ್ ಮೇಲೆ ಹಾಲು ಕೆಳಗೆ ಕೂತ ಚಹಾ. ಹೇಳಬೇಕಾದದ್ದು ಬೆಳಗ್ಗಿನ ಆರೂವರೆಯದು.

ತಾಳಮದ್ದಳೆಯ ಕತ್ತಲಲ್ಲಿ ನಮ್ಮವನೊಬ್ಬನ ಚಪ್ಪಲಿ ಅದಲು ಬದಲಾಗಿತ್ತು. ಬೆಳಕಿನಲ್ಲಿ ನೋಡಿದರೆ ಎರಡೂ ಎಡಗಾಲಿನವು, ಒಂದು 7ನೇ ನಂಬರು, ಇನ್ನೊಂದು 9. ಜನ ಸೇರುವಲ್ಲಿ ಎರಡನ್ನೂ ಕ್ಲಿಪ್ಪಿನಲ್ಲಿ ಸಿಕ್ಕಿಸಿ ಇಡುವುದು, ಇಲ್ಲವೇ ಒಂದನ್ನು ಈ ಬದಿಗೆ ಒಂದನ್ನು ಆ ಬದಿಗೆ ಬಿಡುವುದು ಇಲ್ಲಿಯವರ ರೂಢಿ ಎಂದು ಆಮೇಲೆ ತಿಳಿಯಿತು. ಉಳಿದುಕೊಂಡ ಮನೆಯವರು ಹೇಳಿದರು: “ಹಾಲಿನ ಸೊಸೈಟಿಗೆ ಹೋಗಿ. ಊರಲ್ಲಿ ಏನು ಕಳೆದರೂ ಆರೂವರೆಗೆ ಅಲ್ಲಿ ಸುದ್ದಿಯಿರ್ತದೆ.”

ಹಾಲು ಅಳೆಯುವ ಮೇಜಿನ ಮುಂದೆ ಏಳೆಂಟು ಜನ, ಕೈಯಲ್ಲಿ ಕ್ಯಾನು, ತಲೆಗೆ ಕೊಪ್ಪೆ. ಮೂರನೆಯವರ ಕಾಲಲ್ಲಿ ಎರಡು ಬಲಗಾಲಿನ ಚಪ್ಪಲಿ. 9ನೇ ನಂಬರಿನ ಅವರ ಎಡಗಾಲು 7ನೇ ನಂಬರಿನ ಬಲ ಚಪ್ಪಲಿಯನ್ನು ತೊಟ್ಟು ಹಿಮ್ಮಡಿ ಹೊರಗೆ ಹಾಕಿ ನಿಂತಿತ್ತು. ಅವರೂ ನಮ್ಮವನ ಕಾಲು ನೋಡಿದರು. ಕ್ಯಾನನ್ನು ಮೇಜಿನ ಮೇಲಿಟ್ಟು ಬಂದು, ಭುಜ ಹಿಡಿದುಕೊಂಡು ಒಂದೊಂದೇ ಕಾಲು ಎತ್ತಿ ಬದಲಾಯಿಸಿಕೊಂಡರು.

“ಬೆಳಗ್ಗೆ ತೋಟಕ್ಕೆ ಹೋಗಿ ಬಂದೆ ಭಾವ” ಎಂದರು. “ಮಣ್ಣಿನಲ್ಲಿ ಎರಡು ಬಲಗಾಲಿನ ಹೆಜ್ಜೆ. ಅದನ್ನು ನೋಡಿ ಹೆಂಡತಿ ಕೇಳಿದಳು, ನಿನ್ನೆ ರಾತ್ರಿ ನಿಮ್ಮ ಜೊತೆ ಒಂಟಿ ಕಾಲಲ್ಲಿ ಕುಂಟಿಕೊಂಡು ಯಾರು ಬಂದದ್ದು?”

ಹಾಲು ಅಳೆಯುತ್ತಿದ್ದವರ ಕೈ ನಡುಗಿ ಅಳತೆ ಪಾತ್ರೆ ತುಳುಕಿತು. ಅವರದ್ದನ್ನು ಮೊದಲಿನಿಂದ ಮತ್ತೊಮ್ಮೆ ಅಳೆದರು.